ಪೇಸ್‌ಮೇಕರ್ ಆದಮೇಲೆ ಕೂತುಹೋದ ನನ್ನ ದನಿ

ಹೃದಯದ ಬಡಿತ ನಿಲ್ಲದ ಹಾಗೆ ನೋಡಿಕೊಳ್ಳುವ ಸಣ್ಣ ಯಂತ್ರ, ಪೇಸ್‌ಮೇಕರ್ ಹಾಕಿಸಿಕೊಂಡು ಆರು ವಾರ ಕಳೆದಿತ್ತು. ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ, ಯಂತ್ರದಿಂದ ಹೃದಯಕ್ಕೆ ಹೋಗುವ ವೈರು, ಅಂದರೆ ಲೀಡ್, ಜಾಗ ಬಿಟ್ಟು ಸರಿಯಬಹುದು ಅಂತ ಹೇಳಿದ್ದ ಅವಧಿ ಮುಗಿದಿತ್ತು. ಅವತ್ತು ಬೆಳಿಗ್ಗೆ ಎರಡೂ ಕೈ ಎತ್ತಿ ನಾನೇ ಜಡೆ ಹಾಕಿಕೊಂಡೆ. ಅಷ್ಟಕ್ಕೇ ಕಣ್ಣು ತುಂಬಿ ಬಂತು. ಮತ್ತೆ ಶಾಲೆಗೆ ಹೋಗುವ ದಿನ ಅದು. ಮೊದಲ ಪೀರಿಯಡ್‌ಗೆ ಹಾಜರಿ ಪುಸ್ತಕ ತೆರೆದು ಕೂತೆ. 36 ಹೆಸರು. ಮೊದಲ ಐದಾರು ಹೆಸರು ಹೇಗೋ ಬಂದವು. ಆಮೇಲೆ ದನಿ ತೆಳ್ಳಗಾಗುತ್ತಾ ಹೋಯಿತು. ಹೆಸರಿನ ಮೊದಲ ಅಕ್ಷರ ಕೇಳಿಸುತ್ತಿತ್ತು, ಉಳಿದದ್ದು ಬರೀ ಗಾಳಿ. ಒಂದು ಹೆಸರಿಗೆ ಒಂದು ಉಸಿರು ಬೇಕಾಗುತ್ತಿತ್ತು. ಹದಿನೈದನೇ ಹೆಸರಿನ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ನನ್ನ ಹೆಸರು ಕರೆದ್ರಾ?" ಅಂದ. ಕರೆದಿದ್ದೆ. ಎರಡು ಸಲ ಕರೆದಿದ್ದೆ. ಅವನಿಗೆ ಕೇಳಿಸಿರಲಿಲ್ಲ.

ಆ ಹುಡುಗನ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. 27 ವರ್ಷ ಇದೇ ದನಿಯಲ್ಲಿ ಪಾಠ ಮಾಡಿದ್ದೇನೆ. ಮೈದಾನದ ಆ ತುದಿಯಲ್ಲಿದ್ದ ಮಕ್ಕಳು ನಾನು ಈ ತುದಿಯಿಂದ ಕರೆದರೆ ತಿರುಗಿ ನೋಡುತ್ತಿದ್ದರು. ಈಗ ನಾಲ್ಕು ಗೋಡೆಯೊಳಗೆ ಹಿಂದಿನ ಬೆಂಚಿಗೆ ನನ್ನ ದನಿ ಮುಟ್ಟುತ್ತಿಲ್ಲ. ಉಳಿದ ಹೆಸರುಗಳನ್ನು ಮೊದಲ ಬೆಂಚಿನ ಹುಡುಗಿಯ ಹತ್ತಿರ ಓದಿಸಿದೆ. ಅವಳು ತುಂಬಾ ಶ್ರದ್ಧೆಯಿಂದ ಓದಿದಳು. ನಾನು ಕೂತು ಟಿಕ್ ಹಾಕಿದೆ.

ದನಿ ಸರಿಯಿಲ್ಲ ಅನ್ನುವುದು ಮನೆಯಲ್ಲೂ ಗೊತ್ತಿತ್ತು, ಇಲ್ಲ ಅಂತಲ್ಲ. ಆಸ್ಪತ್ರೆಯಿಂದ ಬಂದ ದಿನವೇ ದನಿ ಕೂತಿತ್ತು. ಶೀತ ಆಗಿರಬೇಕು, ಐಸಿಯು ಎಸಿ ಗಾಳಿ ಇರಬೇಕು, ಸುಸ್ತು ಇರಬೇಕು ಅಂದುಕೊಂಡೆವು. ಫೋನಿನಲ್ಲಿ ತಂಗಿ ನನ್ನ ದನಿ ಗುರುತು ಹಿಡಿಯದೆ "ಯಾರು ಮಾತಾಡ್ತಿರೋದು?" ಅಂತ ಕೇಳಿದ್ದಳು. ನೀರು ಕುಡಿಯುವಾಗ ನೆತ್ತಿಗೇರಿ ಕೆಮ್ಮು ಬರುತ್ತಿತ್ತು. ಸಂಜೆಯ ಹೊತ್ತಿಗೆ ಮಾತಾಡುವುದೇ ಬೇಡ ಅನ್ನಿಸುತ್ತಿತ್ತು. ಆದರೆ ಮನೆಯಲ್ಲಿ ಎಲ್ಲರೂ ನನ್ನ ಹತ್ತಿರ ಬಂದು ಕೂತು ಮಾತಾಡಿಸುತ್ತಿದ್ದರು. ಅಲ್ಲಿ ಸಣ್ಣ ದನಿ ಸಾಕಾಗುತ್ತಿತ್ತು. ತರಗತಿಯಲ್ಲಿ ಸಾಕಾಗಲಿಲ್ಲ.

ಹೇಳಿಕೊಳ್ಳಲು ನಾಚಿಕೆಯಾದ ತೊಂದರೆ

ಈಗ ಯೋಚಿಸಿದರೆ ನನಗೆ ಬೇಸರವಾಗುವುದು ದನಿ ಹೋದದ್ದಕ್ಕಿಂತ ಜಾಸ್ತಿ, ಅದನ್ನು ಹೇಳಿಕೊಳ್ಳಲು ನಾನು ಹಿಂಜರಿದದ್ದಕ್ಕೆ. ನನ್ನ ನಾಡಿ ನಿಮಿಷಕ್ಕೆ 34ಕ್ಕೆ ಇಳಿದಿತ್ತು. ಪೂರ್ತಿ ಹಾರ್ಟ್ ಬ್ಲಾಕ್. ಹೃದಯದ ಮೇಲಿನ ಕೋಣೆಯಿಂದ ಹೊರಟ ಕರೆಂಟ್ ಕೆಳಗಿನ ಕೋಣೆಗೆ ತಲುಪುತ್ತಿರಲಿಲ್ಲ. ಅಂಥದ್ದರಿಂದ ಬದುಕಿ ಬಂದವಳು "ನನ್ನ ದನಿ ಸ್ವಲ್ಪ ಒಡೆದಿದೆ" ಅಂತ ಹೇಗೆ ದೂರುವುದು? ಒಂದು ವಾರದ ನಂತರ ಹೊಲಿಗೆ ನೋಡಲು ಹೋದಾಗ ಬಾಯಿ ಬಿಡಲಿಲ್ಲ. ಒಂದು ತಿಂಗಳ ಚೆಕಪ್‌ನಲ್ಲಿ ಹೇಳಿದೆ. ಎದೆಯ ಮೇಲೆ ಒಂದು ಸಣ್ಣ ಸಾಧನ ಇಟ್ಟು ಪೇಸ್‌ಮೇಕರ್‌ನ ಲೆಕ್ಕವನ್ನೆಲ್ಲ ಪರದೆಯ ಮೇಲೆ ತೆಗೆದರು. ಬ್ಯಾಟರಿ ಚೆನ್ನಾಗಿದೆ. ಲೀಡ್ ಎರಡೂ ಚೆನ್ನಾಗಿವೆ. ಎಷ್ಟು ಹೊಡೆತ ಯಂತ್ರದ್ದು, ಎಷ್ಟು ನನ್ನದು ಅನ್ನುವುದೂ ಬಂತು. "ದನಿ ಬರ್ತಿಲ್ಲ" ಅಂದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ಬಿಸಿನೀರು ಕುಡೀರಿ" ಅಂದರು. ನಾನೂ ಸುಮ್ನೆ ತಲೆಯಾಡಿಸಿದೆ.

ಆ ದಿನಗಳಲ್ಲಿ ಪೇಸ್‌ಮೇಕರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಮೊದಲ ಸಲ ದೇಹದೊಳಗೆ ಪೇಸ್‌ಮೇಕರ್ ಇಟ್ಟದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್‌ನಲ್ಲಿ. ಇಟ್ಟವರು ಓಕೆ ಸೆನ್ನಿಂಗ್ ಅನ್ನುವ ಸರ್ಜನ್, ಯಂತ್ರ ಮಾಡಿದವರು ರೂನೆ ಎಲ್ಮ್‌ಕ್ವಿಸ್ಟ್ ಅನ್ನುವ ಇಂಜಿನಿಯರ್. ಹಾಕಿಸಿಕೊಂಡವರು ಆರ್ನೆ ಲಾರ್ಸನ್. ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಅವರು ಬದುಕಿರುವವರೆಗೆ 20ಕ್ಕೂ ಹೆಚ್ಚು ಯಂತ್ರ ಬದಲಾಯಿಸಿಕೊಂಡರು. 2001ರವರೆಗೆ ಬದುಕಿದ್ದರು, ತಮಗೆ ಜೀವ ಕೊಟ್ಟ ಆ ಇಬ್ಬರೂ ತೀರಿಕೊಂಡ ಮೇಲೂ. ಇದನ್ನು ಓದಿದ ರಾತ್ರಿ ನನಗೆ ನನ್ನ ಗಂಟಲಿನ ದೂರು ಇನ್ನೂ ಚಿಕ್ಕದಾಗಿ ಕಂಡಿತು. ಅವರು ಎಷ್ಟು ಸಲ ಎದೆ ಕೊಯ್ಯಿಸಿಕೊಂಡಿದ್ದಾರೆ, ನಾನು ಒಂದು ಸಲಕ್ಕೇ ದನಿ ದನಿ ಅನ್ನುತ್ತಿದ್ದೇನಲ್ಲ ಅನ್ನಿಸಿತು.

ಹಾಗೆ ಅಂದುಕೊಂಡದ್ದು ತಪ್ಪು. ದೊಡ್ಡ ಕಾಯಿಲೆ ಬಂದವರಿಗೆ ಸಣ್ಣ ಕಾಯಿಲೆ ಬಗ್ಗೆ ಕೇಳುವ ಹಕ್ಕು ಹೋಗಿಬಿಡುವುದಿಲ್ಲ. ನನ್ನ ಹಾಗೆ ಮಾತನ್ನೇ ನಂಬಿ ಬದುಕುವವರಿಗೆ ದನಿ ಸಣ್ಣ ವಿಷಯವೂ ಅಲ್ಲ.

"ಆದಮೇಲೆ" ಮತ್ತು "ಇಂದ"

ನಾನು ವ್ಯಾಕರಣ ಪಾಠ ಮಾಡುವವಳು. "ಮಳೆ ಬಂದಮೇಲೆ ಗೋಡೆ ಬಿತ್ತು", "ಮಳೆಯಿಂದ ಗೋಡೆ ಬಿತ್ತು" ಅಂತ ಎರಡು ವಾಕ್ಯ ಬರೆದು ಎರಡೂ ಒಂದೇನಾ ಅಂತ ಮಕ್ಕಳನ್ನು ಕೇಳುತ್ತೇನೆ. ಒಂದು ಯಾವಾಗ ಅಂತ ಹೇಳುತ್ತದೆ, ಇನ್ನೊಂದು ಯಾಕೆ ಅಂತ ಹೇಳುತ್ತದೆ. ನನ್ನದೇ ಗಂಟಲಿಗೆ ಬಂದಾಗ ಇದನ್ನು ಮರೆತೆ. ಪೇಸ್‌ಮೇಕರ್ ಆದಮೇಲೆ ದನಿ ಹೋಯಿತು. ನನ್ನ ಮನಸ್ಸು ಅದನ್ನು ಪೇಸ್‌ಮೇಕರ್‌ನಿಂದ ದನಿ ಹೋಯಿತು ಅಂತ ಓದಿಕೊಂಡಿತು. ರಾತ್ರಿ ಮಲಗಿದಾಗ ಕಾಲರ್ ಮೂಳೆಯ ಕೆಳಗಿನ ಉಬ್ಬನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಈ ವೈರು ನನ್ನ ಗಂಟಲಿನ ಏನನ್ನೋ ಅದುಮುತ್ತಿದೆ ಅನ್ನಿಸುತ್ತಿತ್ತು. ಇನ್ನೊಂದು ಭಯವೂ ಇತ್ತು. ವೈರಿನದೇ ತಪ್ಪು ಅಂತಾದರೆ ಅದನ್ನು ತೆಗೆಯಬೇಕಾಗುತ್ತದೆ. ತೆಗೆದರೆ ಹೃದಯದ ಗತಿ ಏನು? ಅದಕ್ಕೇ ಕೇಳುವುದೇ ಬೇಡ ಅಂತ ಒಳಗೊಳಗೆ ಸುಮ್ಮನಿದ್ದೆನೇನೋ.

ಚೆಕಪ್‌ನಲ್ಲಿ ಸಂಬಂಧ ಇಲ್ಲ ಅಂದವರು ಹೇಳಿದ್ದು ಯಂತ್ರದ ಮಟ್ಟಿಗೆ ಸರಿಯೇ. ಆದರೆ ಅವರ ಉತ್ತರ ಅಲ್ಲಿಗೇ ನಿಂತಿತು. ಯಂತ್ರದಿಂದ ಅಲ್ಲ ಅಂದರೆ ಮತ್ತೆ ಯಾವುದರಿಂದ ಅಂತ ಯಾರೂ ಮುಂದಕ್ಕೆ ಕೇಳಲಿಲ್ಲ. ಹೃದಯದವರಿಗೆ ಗಂಟಲು ತಮ್ಮದಲ್ಲ. ಗಂಟಲಿನವರ ಹತ್ತಿರ ನನ್ನನ್ನು ಯಾರೂ ಕಳಿಸಲಿಲ್ಲ. ನಾನೂ ಹೋಗಲಿಲ್ಲ. ದನಿ ನಾಲ್ಕು ವಾರದೊಳಗೆ ಸರಿಹೋಗದಿದ್ದರೆ ಧ್ವನಿಪೆಟ್ಟಿಗೆಯನ್ನು ಕಣ್ಣಾರೆ ನೋಡಬೇಕು ಅಂತ ಇಎನ್‌ಟಿ ವೈದ್ಯರ ನಿಯಮವೇ ಇದೆಯಂತೆ. ಉಸಿರಾಟಕ್ಕೆ ಕಷ್ಟವಾದರೆ, ಉಸಿರೆಳೆಯುವಾಗ ಶಬ್ದ ಬಂದರೆ, ನುಂಗಲು ಆಗದಿದ್ದರೆ ಅಷ್ಟೂ ದಿನ ಕಾಯಬಾರದು. ಆಪರೇಷನ್ ಆಗಿ, ಗಂಟಲಿಗೆ ಟ್ಯೂಬ್ ಹಾಕಿಸಿಕೊಂಡವರ ದನಿ ಕೆಟ್ಟಿದ್ದರೂ ಬೇಗ ನೋಡಬೇಕು. ನಾನು ಹೋದದ್ದು ಎಂಟನೇ ವಾರ. ಆ ಹಾಜರಿ ದಿನ ಆಗಿರದಿದ್ದರೆ ಇನ್ನೂ ತಡವಾಗುತ್ತಿತ್ತು.

ಮಗಳು ಹೇಳಿದ ಮಾತು

ಇಎನ್‌ಟಿ ವೈದ್ಯೆಯ ಕೋಣೆಗೆ ಮಗಳೂ ಬಂದಿದ್ದಳು. ನನ್ನ ದನಿಗೆ ಕಷ್ಟವಾಗಬಾರದು ಅಂತ ನನ್ನ ಬದಲು ಮಾತಾಡಲು ಬಂದವಳು ಅವಳು. ವೈದ್ಯೆ ಮೊದಲು ಗಂಟಲು ನೋಡಲೇ ಇಲ್ಲ. ಕೂತು ಕೇಳಿದರು. "ಪೇಸ್‌ಮೇಕರ್ ಹಾಕಿದ ದಿನ ಬಿಡಿ, ಅದಕ್ಕೆ ಮೊದಲಿನ ಎರಡು ದಿನ ಏನೇನಾಯಿತು, ಒಂದೊಂದೇ ಹೇಳಿ" ಅಂದರು. ನಾನು ಹೇಳಿದೆ. ಸ್ಟಾಫ್ ರೂಮಿನಲ್ಲಿ ಕಣ್ಣು ಕತ್ತಲೆ ಬಂತು. ಆಂಬುಲೆನ್ಸ್. ಆಮೇಲೆ ನನಗೆ ನೆನಪಿರುವುದು ಕುತ್ತಿಗೆಯ ಬಲಗಡೆ ಬ್ಯಾಂಡೇಜ್. ಅಲ್ಲಿಂದ ತಾತ್ಕಾಲಿಕ ಪೇಸಿಂಗ್ ವೈರ್ ಒಂದನ್ನು ಹೃದಯಕ್ಕೆ ಬಿಟ್ಟಿದ್ದರು. ಅದರ ಮರುದಿನ ಎಡಗಡೆ ಕಾಯಂ ಪೇಸ್‌ಮೇಕರ್. ಆಗ ಎಚ್ಚರವಾಗಿಯೇ ಇದ್ದೆ. ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು. ಬಾಯಿಗೆ ಏನೂ ಹಾಕಿರಲಿಲ್ಲ.

"ಇಲ್ಲ ಅಮ್ಮ" ಅಂದಳು ಮಗಳು. "ಬಾಯಲ್ಲಿ ಪೈಪ್ ಇತ್ತಲ್ಲ."

ನಾನು ಅವಳ ಮುಖ ನೋಡಿದೆ. ಅವಳು ವೈದ್ಯೆಯನ್ನು ನೋಡಿಕೊಂಡೇ ಹೇಳಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾನು ಉಸಿರಾಡುತ್ತಿರಲಿಲ್ಲವಂತೆ. ಗಡಿಬಿಡಿಯಲ್ಲಿ ಗಂಟಲಿಗೆ ಟ್ಯೂಬ್ ಹಾಕಿ ಯಂತ್ರದ ಉಸಿರು ಕೊಟ್ಟರಂತೆ. ಒಂದೂವರೆ ದಿನ ಅದು ಇತ್ತಂತೆ. ಅವಳು ಗಾಜಿನ ಬಾಗಿಲಿನ ಆಚೆ ನಿಂತು ನೋಡಿದ್ದಳಂತೆ. ತೆಗೆದ ಮೇಲೆ ನಾನು ಮೊದಲು ಕೇಳಿದ್ದು ನೀರು, ಮತ್ತೆ ಅವಳ ಹೆಸರು ಕರೆಯಲು ನೋಡಿದ್ದೆ, ದನಿ ಬರಲಿಲ್ಲವಂತೆ. ಇದಿಷ್ಟೂ ನಾನು ಮೊದಲ ಸಲ ಕೇಳುತ್ತಿದ್ದೆ. ಎಂಟು ವಾರ ಅವಳು ಇದನ್ನು ಒಬ್ಬಳೇ ಇಟ್ಟುಕೊಂಡಿದ್ದಳು. ಮನೆಯಲ್ಲಿ ಯಾರೂ ಆ ದಿನದ ಮಾತು ಎತ್ತುತ್ತಿರಲಿಲ್ಲ. ನನಗೆ ಹೆದರಿಕೆ ಆಗಬಾರದು ಅಂತ ಅವರು ಎತ್ತಲಿಲ್ಲ. ಅವರಿಗೆ ನೋವಾಗಬಾರದು ಅಂತ ನಾನೂ ಕೇಳಲಿಲ್ಲ. ಪ್ರೀತಿಯಿಂದಲೇ ಮುಚ್ಚಿಟ್ಟದ್ದು. ನನ್ನ ದನಿಯ ಉತ್ತರವೂ ಅದರೊಳಗೇ ಇತ್ತು. ಡಿಸ್ಚಾರ್ಜ್ ಸಮರಿಯನ್ನು ವೈದ್ಯೆ ಮತ್ತೆ ಓದಿದರು. ನಾಲ್ಕು ಪುಟ. ಹೃದಯದ ವಿಷಯ ಮೂರೂವರೆ ಪುಟ. ಟ್ಯೂಬಿನ ವಿಷಯ ಎರಡನೇ ಪುಟದಲ್ಲಿ ಒಂದು ಸಾಲು. ನಾವು ಆ ಸಾಲನ್ನು ಎಷ್ಟೋ ಸಲ ದಾಟಿ ಹೋಗಿದ್ದೆವು.

ಆಮೇಲೆ ಮೂಗಿನಿಂದ ತೆಳುವಾದ ಕ್ಯಾಮೆರಾ ಬಿಟ್ಟರು. ನೋವಿಲ್ಲ, ಸ್ವಲ್ಪ ಕಸಿವಿಸಿ ಅಷ್ಟೇ. ಪರದೆಯ ಮೇಲೆ ನನ್ನ ಧ್ವನಿತಂತುಗಳು ಕಂಡವು. ಬೆಳ್ಳಗೆ, ಮುತ್ತಿನ ಬಣ್ಣದ ಎರಡು ಪಟ್ಟಿ. "ಈ ಅನ್ನಿ" ಅಂದರು. ಬಲಗಡೆಯದು ಚುರುಕಾಗಿ ನಡುವಿಗೆ ಬಂತು. ಎಡಗಡೆಯದು ಸ್ವಲ್ಪ ಅಲ್ಲಾಡಿ ಅರ್ಧಕ್ಕೇ ನಿಂತಿತು. ನಡುವೆ ಒಂದು ಸಂದು ಉಳಿಯಿತು. ಹೆಂಗಸರು ಮಾತಾಡುವಾಗ ಈ ಎರಡು ಪಟ್ಟಿ ಸೆಕೆಂಡಿಗೆ ಸುಮಾರು 200 ಸಲ ಬಡಿದುಕೊಳ್ಳುತ್ತವೆ. ಅವು ಸೇರದಿದ್ದರೆ ಬಡಿಯುವುದು ಹೇಗೆ? ಗಾಳಿ ಸೋರಿಹೋಗುತ್ತದೆ. ನನ್ನ ಮಕ್ಕಳ ಹೆಸರುಗಳೆಲ್ಲ ಸೋರಿಹೋದದ್ದು ಆ ಸಂದಿನಿಂದ. ನೀರು ನೆತ್ತಿಗೇರುತ್ತಿದ್ದದ್ದೂ ಅದಕ್ಕೇ. ನುಂಗುವಾಗ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡಾಗ ಭಯದ ಜೊತೆ ನನಗೆ ಒಂದು ಸಮಾಧಾನವೂ ಆಯಿತು. ಇದು ನನ್ನ ಮನಸ್ಸಿನ ಭ್ರಮೆ ಆಗಿರಲಿಲ್ಲ.

ಎದೆಗೆ ಹೋಗಿ ಬರುವ ನರ

ಎಡ ಧ್ವನಿತಂತು ಯಾಕೆ ಅಂತ ಕೇಳಿದೆ. ಆ ವೈದ್ಯೆ ಒಂದು ಹಾಳೆ ತೆಗೆದು ಚಿತ್ರ ಬರೆದರು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಧ್ವನಿತಂತುಗಳನ್ನು ಆಡಿಸುವ ನರದ ಹೆಸರು ರಿಕರೆಂಟ್ ಲ್ಯಾರಿಂಜಿಯಲ್. ವೇಗಸ್ ಅನ್ನುವ ದೊಡ್ಡ ನರದ ಕವಲು ಅದು. ಮಿದುಳಿನಿಂದ ಗಂಟಲಿಗೆ ಗೇಣಿನಷ್ಟೂ ದೂರವಿಲ್ಲ. ಆದರೆ ಈ ನರ ನೇರ ಗಂಟಲಿಗೆ ಬರುವುದಿಲ್ಲ. ಗಂಟಲನ್ನು ದಾಟಿ ಕೆಳಗೆ ಹೋಗುತ್ತದೆ. ಎಡಗಡೆಯದು ಎದೆಯೊಳಗೇ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನನ್ನು ಬಳಸಿ, ಉಸಿರುನಾಳದ ಪಕ್ಕದಲ್ಲಿ ಮತ್ತೆ ಮೇಲೆ ಹತ್ತಿ ಧ್ವನಿಪೆಟ್ಟಿಗೆಗೆ ಬರುತ್ತದೆ. ಬಲಗಡೆಯದು ಅಷ್ಟು ದೂರ ಹೋಗುವುದಿಲ್ಲ. ಭುಜದ ಕಡೆ ಹೋಗುವ ರಕ್ತನಾಳವನ್ನು ಬಳಸಿ ಹಿಂದಿರುಗುತ್ತದೆ. ಎಡದ್ದಕ್ಕೆ ದಾರಿ ಉದ್ದ, ಹಾಗಾಗಿ ಪೆಟ್ಟಾಗುವ ಜಾಗಗಳೂ ಜಾಸ್ತಿ.

ಯಾಕೆ ಇಷ್ಟು ಸುತ್ತು ದಾರಿ? ಇದರ ಕಾರಣ ಕೇಳಿ ನಾನು ಸುಮಾರು ಹೊತ್ತು ಮಾತಾಡಲಿಲ್ಲ. ತಾಯಿಯ ಹೊಟ್ಟೆಯಲ್ಲಿ ಮಗು ರೂಪುಗೊಳ್ಳುವಾಗ ಹೃದಯ ಮೊದಲು ಇರುವುದು ಕುತ್ತಿಗೆಯ ಹತ್ತಿರ. ಆಗ ಈ ನರದ ದಾರಿ ಚಿಕ್ಕದೇ. ಮಗು ಬೆಳೆದಂತೆ ಕುತ್ತಿಗೆ ಉದ್ದವಾಗುತ್ತದೆ, ಹೃದಯ ಎದೆಗೆ ಇಳಿಯುತ್ತದೆ. ಇಳಿಯುವಾಗ ರಕ್ತನಾಳಕ್ಕೆ ಸಿಕ್ಕಿಕೊಂಡ ನರವನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಜಿರಾಫೆಯಲ್ಲೂ ಹೀಗೇ. ಅದರ ಕುತ್ತಿಗೆಯಲ್ಲಿ ಈ ನರ ಹಲವು ಮೀಟರ್ ಉದ್ದ ಹೋಗಿ ವಾಪಸ್ ಬರುತ್ತದೆ. ನಾವು ಹುಟ್ಟುವ ಮೊದಲೇ ಹೃದಯ ದನಿಯ ನರವನ್ನು ಹಿಡಿದುಕೊಂಡೇ ತನ್ನ ಜಾಗಕ್ಕೆ ಹೋಗಿದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅನ್ನುವ ಮಾತು ನನಗೆ ಆಗ ಮತ್ತೆ ನೆನಪಾಯಿತು.

ಈ ನಂಟು ವೈದ್ಯರಿಗೆ ಹೊಸದೂ ಅಲ್ಲ. ಎರಡನೇ ಶತಮಾನದಲ್ಲಿ ರೋಮ್‌ನಲ್ಲಿದ್ದ ಗೇಲನ್ ಅನ್ನುವ ವೈದ್ಯ ಕಿರುಚುತ್ತಿದ್ದ ಹಂದಿಯ ಈ ನರ ಕತ್ತರಿಸಿ, ಅದರ ದನಿ ಅಲ್ಲಿಗೇ ನಿಂತದ್ದನ್ನು ಜನರೆದುರು ತೋರಿಸಿದ್ದ. ಪಾಪ ಆ ಪ್ರಾಣಿ. ದನಿ ಬರುವುದು ಹೃದಯದಿಂದ ಅಂತ ನಂಬಿದವರಿದ್ದ ಕಾಲ ಅದು. 1897ರಲ್ಲಿ ನೋರ್ಬರ್ಟ್ ಓರ್ಟ್‌ನರ್ ಅನ್ನುವ ಆಸ್ಟ್ರಿಯಾದ ವೈದ್ಯರು ಹೃದಯದ ಕವಾಟದ ಕಾಯಿಲೆಯವರಲ್ಲಿ ದನಿ ಒಡೆಯುವುದನ್ನು ಬರೆದಿಟ್ಟರು. ಹೃದಯದ ಎಡ ಮೇಲ್ಕೋಣೆ ಹಿಗ್ಗಿದಾಗ ಅಲ್ಲಿ ಹಾದುಹೋಗುವ ಈ ನರಕ್ಕೆ ಜಾಗ ಸಾಲದೆ ಒತ್ತಡ ಬೀಳುತ್ತದೆ. ಅದಕ್ಕೆ ಈಗಲೂ ಅವರದೇ ಹೆಸರಿದೆ.

ಹಾಗಾಗಿಯೇ ನನಗೂ ಕುತ್ತಿಗೆಯ ಬುಡದಿಂದ ಎದೆಯವರೆಗೆ ಸಿಟಿ ಸ್ಕ್ಯಾನ್ ಮಾಡಿಸಿದರು. ನರ ಹೋಗುವ ದಾರಿಯಲ್ಲಿ ಗಂಟೇನಾದರೂ ಇದೆಯಾ, ಹೃದಯ ಹಿಗ್ಗಿದೆಯಾ ಅಂತ ನೋಡಲು. ಟ್ಯೂಬ್ ಹಾಕಿದ್ದರು ಅನ್ನುವ ಒಂದು ಉತ್ತರ ಸಿಕ್ಕ ಕೂಡಲೇ ಉಳಿದದ್ದನ್ನು ಬಿಟ್ಟುಬಿಡಬಾರದು ಅಂದರು ವೈದ್ಯೆ. ಆ ಎಚ್ಚರ ನನಗೆ ತುಂಬಾ ಹಿಡಿಸಿತು. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಪೇಸ್‌ಮೇಕರ್‌ನ ಲೀಡ್‌ಗಳೂ ಅದರಲ್ಲಿ ಕಂಡವು. ಅವು ರಕ್ತನಾಳದ ಒಳಗೆ ಹೋಗುತ್ತವೆ, ನರ ಅದರ ಹೊರಗೆ ಬೇರೆ ದಾರಿಯಲ್ಲಿ ಹೋಗುತ್ತದೆ. ನನ್ನ ವೈರು ಯಾವುದನ್ನೂ ಅದುಮುತ್ತಿರಲಿಲ್ಲ. ಟ್ಯೂಬಿನ ಸುತ್ತ ಗಾಳಿ ಸೋರದ ಹಾಗೆ ಮುಚ್ಚಲು ಅದರ ತುದಿಯ ಹತ್ತಿರ ಗಾಳಿ ತುಂಬುವ ಸಣ್ಣ ಬಲೂನ್ ಇರುತ್ತದೆ. ಅದರ ಒತ್ತಡಕ್ಕೆ ಧ್ವನಿಪೆಟ್ಟಿಗೆಯ ಒಳಗೆ ನರದ ತುದಿಗೆ ಪೆಟ್ಟಾಗಿರಬೇಕು ಅಂತ ತೀರ್ಮಾನಿಸಿದರು. ಇಂಥ ಪೆಟ್ಟು ಬಹಳ ಸಲ ಕೆಲವು ತಿಂಗಳಲ್ಲಿ ತಾನೇ ವಾಸಿಯಾಗುತ್ತದೆ. ಆಗದಿದ್ದರೆ ಸೊರಗಿದ ಧ್ವನಿತಂತುವಿಗೆ ಇಂಜೆಕ್ಷನ್ ಕೊಟ್ಟು ಉಬ್ಬಿಸಿ ಸಂದು ಮುಚ್ಚುವ ದಾರಿ ಇದೆ. ಆ ಟ್ಯೂಬ್ ಹಾಕಿದವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅವರು ಅವತ್ತು ಹಾಕದಿದ್ದರೆ ದನಿಯ ಬಗ್ಗೆ ಬರೆಯಲು ನಾನು ಇರುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ. ಮನೆಗೆ ಕಳಿಸುವಾಗ ಯಾರಾದರೂ ಒಬ್ಬರು "ಟ್ಯೂಬ್ ಹಾಕಿದ್ದೆವು, ದನಿ ಸರಿಯಾಗದಿದ್ದರೆ ಬಂದು ತೋರಿಸಿ" ಅಂದಿದ್ದರೆ ಸಾಕಿತ್ತು.

ಎಲ್ಲರ ಗಂಟಲೂ ಒಂದೇ ಅಲ್ಲ

ನನ್ನ ಕಥೆ ಕೇಳಿ "ಹಾಗಾದರೆ ನಮಗೂ ಅದೇ ಆಗಿರಬೇಕು" ಅಂದವರಿದ್ದಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಬಹಳಷ್ಟು ಪೇಸ್‌ಮೇಕರ್ ಆಪರೇಷನ್ ಎಚ್ಚರ ಇರುವಾಗಲೇ ಆಗುತ್ತದೆ. ಗಂಟಲಿಗೆ ಏನೂ ಹಾಕುವುದಿಲ್ಲ. ಅಂಥವರಿಗೆ ಒಂದೆರಡು ದಿನ ಬಾಯಿ, ಗಂಟಲು ಒಣಗಿದ ಹಾಗಿರಬಹುದು. ಮೂಗಿಗೆ ಕೊಟ್ಟ ಆಕ್ಸಿಜನ್, ಮಂಪರಿನ ಔಷಧಿ, ನೀರು ಕುಡಿಯದೆ ಇದ್ದದ್ದು ಎಲ್ಲ ಸೇರಿ. ಪೂರ್ತಿ ಅರಿವಳಿಕೆ ಕೊಟ್ಟು ಟ್ಯೂಬ್ ಹಾಕಿದ್ದರೆ, ಇಲ್ಲವೇ ಹೃದಯ ನೋಡಲು ಅನ್ನನಾಳಕ್ಕೆ ನಳಿಗೆ ಇಳಿಸಿ ಎಕೋ ಸ್ಕ್ಯಾನ್ ಮಾಡಿದ್ದರೆ ಕೆಲವು ದಿನ ಗಂಟಲು ಕೆರೆಯುವುದು, ನುಂಗಲು ನೋವು ಇರಬಹುದು. ಇವೆಲ್ಲ ಬೇಗ ಹೋಗುವಂಥವು.

ಚೆಕಪ್‌ಗೆ ಕಾಯುವಾಗ ಪರಿಚಯವಾದ ಹಿರಿಯರೊಬ್ಬರದು ಬೇರೆಯೇ ಥರ. ಅವರ ದನಿ ಗಟ್ಟಿಯಾಗಿತ್ತು. ಆದರೆ ಗಂಟಲಲ್ಲಿ ಏನೋ ಡಬ್ ಡಬ್ ಅಂತ ಬಡಿಯುತ್ತದೆ, ಕುತ್ತಿಗೆ ತುಂಬಿಕೊಂಡ ಹಾಗಾಗುತ್ತದೆ, ನಡೆದರೆ ಸುಸ್ತು ಅನ್ನುತ್ತಿದ್ದರು. ಗ್ಯಾಸ್ ಅಂದುಕೊಂಡು ತಿಂಗಳುಗಟ್ಟಲೆ ಗ್ಯಾಸಿನ ಮಾತ್ರೆ ನುಂಗಿದ್ದರು. ಅವರದು ಒಂದೇ ಲೀಡಿನ ಪೇಸ್‌ಮೇಕರ್, ಕೆಳಗಿನ ಕೋಣೆಗೆ ಮಾತ್ರ ಹೊಡೆತ ಕೊಡುವಂಥದ್ದು. ಮೇಲಿನ ಕೋಣೆ ತನ್ನ ಪಾಡಿಗೆ ಬಡಿಯುತ್ತಿತ್ತು, ಕೆಳಗಿನದು ಯಂತ್ರದ ತಾಳಕ್ಕೆ ಬಡಿಯುತ್ತಿತ್ತು. ಎರಡೂ ಒಟ್ಟಿಗೆ ಕುಗ್ಗಿದಾಗ ನಡುವಿನ ಕವಾಟ ಮುಚ್ಚಿರುತ್ತದೆ. ಮೇಲಿನ ಕೋಣೆಯ ರಕ್ತ ಮುಂದೆ ಹೋಗಲಾಗದೆ ಕುತ್ತಿಗೆಯ ರಕ್ತನಾಳಕ್ಕೆ ಹಿಮ್ಮುಖವಾಗಿ ನುಗ್ಗುತ್ತದೆ. ಅದೇ ಆ ಡಬ್ ಡಬ್. ಇದಕ್ಕೆ ಪೇಸ್‌ಮೇಕರ್ ಸಿಂಡ್ರೋಮ್ ಅಂತಲೇ ಹೆಸರಿದೆ. ಯಂತ್ರದ ಸೆಟ್ಟಿಂಗ್ ಬದಲಿಸಿ, ಇಲ್ಲವೇ ಎರಡು ಲೀಡಿನದಕ್ಕೆ ಬದಲಾಯಿಸಿ ಸರಿಮಾಡುತ್ತಾರೆ. ನೋಡಿ, ಇಲ್ಲಿ ಮಾತ್ರ "ಇಂದ" ಅನ್ನುವುದೇ ಸರಿ. ಯಂತ್ರ ಬಡಿಯುವ ರೀತಿಯಿಂದಲೇ ಬಂದ ತೊಂದರೆ ಅದು. ಕೆಲವರಿಗೆ ಬಿಕ್ಕಳಿಕೆ ನಿಲ್ಲುವುದೇ ಇಲ್ಲ. ಲೀಡಿನ ಕರೆಂಟ್ ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ, ಇಲ್ಲವೇ ಅದರ ನರಕ್ಕೆ ತಗಲಿದರೆ ಹಾಗಾಗುತ್ತದೆ. ಅದನ್ನೂ ಚೆಕಪ್‌ನಲ್ಲಿ ಕರೆಂಟ್ ಕಡಿಮೆ ಮಾಡಿ ನೋಡುತ್ತಾರೆ. ಒಂದು ವಿಷಯ ಮಾತ್ರ ತಡಮಾಡಬಾರದ್ದು. ಮುಖ, ಕುತ್ತಿಗೆ, ಯಂತ್ರ ಇರುವ ಕಡೆಯ ಕೈ ಊದಿಕೊಂಡರೆ ಲೀಡ್ ಇರುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಹೋಗಿ ತೋರಿಸಬೇಕು.

ಮಾತ್ರೆಗಳನ್ನೂ ಮರೆಯಬಾರದು. ಬಿಪಿಗೆ, ಹೃದಯಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಥರದ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ, ಗಂಟಲು ಸದಾ ಕೆರೆಯುತ್ತದೆ. ಎಮಿಯೋಡರೋನ್ ಅನ್ನುವ ಮಾತ್ರೆ ಥೈರಾಯ್ಡ್ ಕೆಡಿಸಬಹುದು, ಥೈರಾಯ್ಡ್ ಕಡಿಮೆಯಾದರೆ ದನಿ ಗಡುಸಾಗುತ್ತದೆ. ಥೈರಾಯ್ಡ್ ಕಡಿಮೆಯಾದವರ ನಾಡಿಯೂ ನಿಧಾನ ಆಗುತ್ತದೆ. ಅಂದರೆ ನಿಧಾನ ನಾಡಿ, ಒಡಕು ದನಿ ಎರಡಕ್ಕೂ ಒಂದೇ ಬೇರು ಇರಬಹುದು ಅಲ್ವಾ? ನನ್ನ ವೈದ್ಯೆ ಅದನ್ನೂ ರಕ್ತಪರೀಕ್ಷೆ ಮಾಡಿಸಿಯೇ ಬಿಟ್ಟರು. ಹಾಗಂತ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಕೇಳಿ, ಅವರು ಬದಲಿಸಿ ಕೊಡುತ್ತಾರೆ.

ಭಾನುವಾರದ ರೆಕಾರ್ಡಿಂಗ್

ಸ್ಪೀಚ್ ಥೆರಪಿ ಶುರುವಾದ ದಿನ ನನಗೆ ಹೇಳಿದ ಮೊದಲ ಮಾತು, ಪಿಸುಗುಟ್ಟಬೇಡಿ ಅಂತ. ನಾನು ದನಿ ಉಳಿಸುತ್ತೇನೆ ಅಂತ ಎರಡು ತಿಂಗಳಿಂದ ಅದನ್ನೇ ಮಾಡುತ್ತಿದ್ದೆ. ಪಿಸುಮಾತು ಗಂಟಲನ್ನು ಇನ್ನಷ್ಟು ಬಿಗಿಯಾಗಿಸಬಹುದು. ಮೆತ್ತಗೆ, ಆದರೆ ದನಿ ಇಟ್ಟೇ ಮಾತಾಡಬೇಕು. ಎಡಭುಜವನ್ನು ನಾನು ಕಿವಿಯ ಕಡೆ ಎತ್ತಿಕೊಂಡೇ ಕೂರುತ್ತೇನೆ ಅನ್ನುವುದನ್ನೂ ಆ ಥೆರಪಿಸ್ಟೇ ತೋರಿಸಿದ್ದು. ಯಂತ್ರದ ಜಾಗಕ್ಕೆ ಏನೂ ತಾಗದಿರಲಿ ಅಂತ ಎದೆಯನ್ನು ಒಳಗೆ ಎಳೆದುಕೊಂಡು, ಭುಜ, ಕುತ್ತಿಗೆ ಬಿಗಿಹಿಡಿದು ಬದುಕುತ್ತಿದ್ದೆ. ಉಸಿರು ಮೇಲೆ ಮೇಲೆಯೇ ಆಡುತ್ತಿತ್ತು. ಉಸಿರಿಲ್ಲದೆ ದನಿ ಎಲ್ಲಿಂದ ಬರಬೇಕು? ಮೊದಲ ಎರಡು ವಾರ ನಾವು ಮಾಡಿದ್ದು ಭುಜ ಇಳಿಸುವುದು, ಹೊಟ್ಟೆಯಿಂದ ಉಸಿರಾಡುವುದು, ಗದ್ದ ತಗ್ಗಿಸಿ ಗುಟುಕು ಗುಟುಕಾಗಿ ನೀರು ಕುಡಿಯುವುದು. ಆಮೇಲೆ ಸ್ಟ್ರಾ ಬಂತು. ಲೋಟದ ನೀರಿನಲ್ಲಿ ಸ್ಟ್ರಾ ಅದ್ದಿ, "ಊ" ಅಂತ ದನಿ ಇಟ್ಟು ಗುಳ್ಳೆ ಎಬ್ಬಿಸುವುದು. ಬಾಯಿಯ ತುದಿಯಲ್ಲಿ ದಾರಿ ಕಿರಿದಾದರೆ ಒತ್ತಡ ಹಿಂದಕ್ಕೆ ತಿರುಗಿ, ಧ್ವನಿತಂತುಗಳಿಗೆ ಜಾಸ್ತಿ ಪೆಟ್ಟಿಲ್ಲದೆ ಬಡಿಯಲು ಅನುಕೂಲವಾಗುತ್ತದೆ. ಕುತ್ತಿಗೆಗೆ ಕರೆಂಟ್ ಕೊಡುವ ಚಿಕಿತ್ಸೆಯ ಬಗ್ಗೆ ಯಾರೋ ಹೇಳಿದ್ದರು. ಕೇಳಿದೆ. "ಪೇಸ್‌ಮೇಕರ್ ಇರುವವರಿಗೆ ಹೃದಯದ ವೈದ್ಯರನ್ನು ಕೇಳದೆ ಅದನ್ನು ಮುಟ್ಟುವುದೇ ಇಲ್ಲ" ಅಂದರು. ಗಂಟಲಿನ ಚಿಕಿತ್ಸೆಗೆ ಹೋದಾಗಲೂ ಎದೆಯೊಳಗೆ ಯಂತ್ರ ಇದೆ ಅಂತ ಮೊದಲು ಹೇಳಬೇಕು. ಎರಡೂ ಕಡೆಯವರಿಗೆ ಎರಡನ್ನೂ ಹೇಳುವುದು ನಮ್ಮ ಕೆಲಸ.

ಪ್ರತಿ ಭಾನುವಾರ ಒಂದೇ ಪ್ಯಾರಾವನ್ನು ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಡಿ ಅಂದಿದ್ದರು. ಕೊನೆಗೆ ಒಂದೇ ಉಸಿರಿಗೆ "ಆ" ಅಂತ ಎಷ್ಟು ಹೊತ್ತು ಎಳೆಯಲು ಆಗುತ್ತದೋ ಅಷ್ಟು ಎಳೆಯಬೇಕು. ಮೊದಲ ವಾರ 4 ಸೆಕೆಂಡ್. ಅದನ್ನು ಕೇಳಿ ನಾನು ಫೋನ್ ಬದಿಗಿಟ್ಟು ಅತ್ತಿದ್ದೆ. ಗಂಟಲು ಕಟ್ಟಿತು ಅನ್ನುತ್ತೇವಲ್ಲ, ಅಳುವಿಗೂ ಅದೇ ಮಾತು, ದನಿ ಕೂತದ್ದಕ್ಕೂ ಅದೇ ಮಾತು. ಐದನೇ ವಾರವೂ 4. ಒಂಬತ್ತನೇ ವಾರ 6. ಹದಿನಾಲ್ಕನೇ ವಾರ ನೀರು ನೆತ್ತಿಗೇರುವುದು ನಿಂತಿತ್ತು. ಅದು ನಿಂತದ್ದು ಯಾವತ್ತು ಅಂತ ನನಗೆ ಗೊತ್ತೇ ಆಗಿರಲಿಲ್ಲ, ಮಗಳು ಹೇಳಿದಳು. ಈಗ ಅವಳು ಹೇಳುತ್ತಾಳೆ, ನಾನೂ ಕೇಳುತ್ತೇನೆ. ಒಂದು ಸಂಜೆ ಕೂತು ಆ ಒಂದೂವರೆ ದಿನದ ಕಥೆ ಪೂರ್ತಿ ಹೇಳಿಸಿಕೊಂಡೆ. ಗಾಜಿನ ಬಾಗಿಲಿನ ಆಚೆ ಅವಳು ಎಷ್ಟು ಹೊತ್ತು ನಿಂತಿದ್ದಳು, ಯಾರಿಗೆ ಮೊದಲು ಫೋನ್ ಮಾಡಿದಳು, ಎಲ್ಲ.

ಆರನೇ ತಿಂಗಳಲ್ಲಿ ಮತ್ತೆ ಕ್ಯಾಮೆರಾ ಬಿಟ್ಟು ನೋಡಿದರು. ಎಡ ಧ್ವನಿತಂತು ನಡುವಿನವರೆಗೆ ಬರುತ್ತಿದೆ. ಬಲದ್ದರಷ್ಟು ಚುರುಕಿಲ್ಲ, ಆದರೆ ಬಂದು ಸೇರುತ್ತದೆ. ಇಂಜೆಕ್ಷನ್ ಸದ್ಯಕ್ಕೆ ಬೇಡ ಅಂದರು. ಶಾಲೆಯಲ್ಲಿ ಈಗ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಸ್ಪೀಕರ್ ಇದೆ. ಮೊದಲ ಎರಡು ಪೀರಿಯಡ್ ಅದಿಲ್ಲದೆ ನಡೆಯುತ್ತದೆ, ಮಧ್ಯಾಹ್ನ ಬೇಕಾಗುತ್ತದೆ. ಹಾಜರಿ ನಾನೇ ಕರೆಯುತ್ತೇನೆ. ಎರಡು ಹೆಸರಿಗೊಂದು ಉಸಿರು. ಮೈದಾನದ ಆ ತುದಿಗೆ ಕೇಳುವ ಹಾಗೆ ಕೂಗಲು ಇನ್ನೂ ಆಗುವುದಿಲ್ಲ. ಅಲ್ಲಿಯವರೆಗೆ ನಡೆದುಕೊಂಡು ಹೋಗುತ್ತೇನೆ, ಹೃದಯ ಅಷ್ಟು ದೂರ ಚೆನ್ನಾಗಿ ನಡೆಸುತ್ತದೆ.

ಹೋದ ಭಾನುವಾರ "ಆ" 13 ಸೆಕೆಂಡ್ ಬಂತು. ಮಗಳು ಪಕ್ಕದಲ್ಲಿ ಕೂತು ಎಣಿಸಿದಳು. ನಾಳೆ ಮತ್ತೆ ಭಾನುವಾರ.